ಕೋಲ್ಡ್ ಸ್ಟೋರೇಜ್‌ನ ಹಳೆಯ ದಾಖಲೆ ಪೈಥಾನ್‌ನಲ್ಲಿ ತೆರೆಯುತ್ತಿಲ್ಲ, ಡೇಟಾ ಹೋಯಿತೇ?

ಪ್ರಶ್ನೆ: ಬೈಕಂಪಾಡಿಯ ಒಂದು ಮೀನಿನ ಕೋಲ್ಡ್ ಸ್ಟೋರೇಜ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಕೋಣೆಯ ತಾಪಮಾನ ದಾಖಲಿಸಲು ಹಳೆಯದೊಂದು ವಿಂಡೋಸ್ ಪ್ರೋಗ್ರಾಂ ಇತ್ತು. ಕ್ಯೂಟಿ ಎಂಬ ಪ್ರೋಗ್ರಾಮಿಂಗ್ ಲೈಬ್ರರಿ ಬಳಸಿ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು ಎಂಬುದಷ್ಟೇ ಗೊತ್ತು. ಬರೆದವರು ಸಿಗುತ್ತಿಲ್ಲ, ಸೋರ್ಸ್ ಕೋಡ್ ಕೂಡ ಇಲ್ಲ. 30 ಸೆಕೆಂಡಿಗೊಂದು ರೀಡಿಂಗ್ ತೆಗೆದು, ದಿನಕ್ಕೊಂದು ಸಾಲಿನಂತೆ ಎಸ್‌ಕ್ಯುಲೈಟ್ ಡೇಟಾಬೇಸ್‌ನ ಬ್ಲಾಬ್ (ಬರೀ ಬೈಟ್‌ಗಳನ್ನು ಇಡುವ) ಕಾಲಮ್‌ಗೆ ಕಂಪ್ರೆಸ್ ಮಾಡಿ ಹಾಕುತ್ತಿತ್ತು. ಈಗ ಖರೀದಿದಾರರ ಆಡಿಟ್‌ಗೆ ಹಳೆಯ ದಾಖಲೆ ಬೇಕು. ಪೈಥಾನ್‌ನ ಜೆಡ್‌ಲಿಬ್ ಎಂಬ ಕಂಪ್ರೆಷನ್ ಲೈಬ್ರರಿಯಲ್ಲಿ ತೆರೆದರೆ ‘ಎರರ್ ಮೈನಸ್ 3, ಅನ್‌ನೋನ್ ಕಂಪ್ರೆಷನ್ ಮೆಥಡ್’ ಎನ್ನುತ್ತದೆ. ಅದರ ವಿಬಿಟ್ಸ್ ಎಂಬ ಆಯ್ಕೆಗೆ ಮೈನಸ್ 15 ಕೊಟ್ಟರೆ ‘ಇನ್‌ವ್ಯಾಲಿಡ್ ಸ್ಟೋರ್ಡ್ ಬ್ಲಾಕ್ ಲೆಂತ್ಸ್’. ಜಿಜಿಪ್‌ನಲ್ಲಿ ‘ನಾಟ್ ಎ ಜಿಜಿಪ್ಡ್ ಫೈಲ್’. ಒಂದು ಸಾಲಿನ ಮೊದಲ ಬೈಟ್‌ಗಳು 0, 0, 90, 0, 120, 156, 237. ಸಾಲುಗಳು ಸಾಮಾನ್ಯವಾಗಿ 7000 ಬೈಟ್ ಆಸುಪಾಸು ಉಂಟು, ಆದರೆ ಹೊಸ ಕಂಪ್ಯೂಟರಿಗೆ ನಕಲು ಮಾಡಿದಾಗಿನ ಒಂದಷ್ಟು ಸಾಲು ಎಲ್ಲವೂ ಸರಿಯಾಗಿ 4096. ನನಗಿಂತ ಮೊದಲು ಇದ್ದವರು ಕೆಲವು ತಿಂಗಳಿನದನ್ನು ಸಿಎಸ್‌ವಿ ಮಾಡಿಟ್ಟಿದ್ದಾರೆ. ಅದರಲ್ಲಿ ಶುರುವಾಗುವುದೇ 0, 0, 90, 0, 120, 239, 191, 189 ಎಂದು. ಎನ್‌ಕ್ರಿಪ್ಟ್ ಆಗಿದೆ ಎಂದು ಒಬ್ಬರು ಹೇಳುತ್ತಾರೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಹಾಳಾಗಿದೆ ಎಂದು ಇನ್ನೊಬ್ಬರು, ಹಳೆಯ ಜೆಡ್‌ಲಿಬ್ ಆವೃತ್ತಿ ಹುಡುಕಬೇಕು ಎಂದು ಮತ್ತೊಬ್ಬರು. ಎಂತ ಮಾಡುವುದು?
— ಓದುಗರೊಬ್ಬರು, ಸುರತ್ಕಲ್

ಉತ್ತರ: ನೀವು ಬೈಟ್‌ಗಳನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು. ‘ತೆರೆಯುತ್ತಿಲ್ಲ’ ಎಂದಷ್ಟೇ ಬರೆದಿದ್ದರೆ ಊಹೆ ಮಾಡಬೇಕಿತ್ತು. ಈಗ ಊಹೆಗೆ ಹೆಚ್ಚು ಜಾಗ ಇಲ್ಲ. ನಿಮ್ಮ ಕೈಯಲ್ಲಿರುವುದು ಒಂದು ತೊಂದರೆಯಲ್ಲ, ಮೂರು ಬೇರೆ ಬೇರೆ ತೊಂದರೆ. ಐದನೆಯ ಬೈಟ್‌ನಿಂದ 120, 156 ಎಂದಿರುವ ಪೂರ್ತಿ ಸಾಲುಗಳಿಗೆ ಏನೂ ಆಗಿಲ್ಲ, ಅವು ಇವತ್ತೇ ತೆರೆಯುತ್ತವೆ. 4096 ಬೈಟ್‌ನ ಸಾಲುಗಳಲ್ಲಿ ದಿನದ ಒಂದು ಭಾಗ ಸಿಗುತ್ತದೆ. ಸಿಎಸ್‌ವಿಯಲ್ಲಿರುವುದು, ಆ ಪ್ರತಿಯ ಮಟ್ಟಿಗೆ, ಹೋದ ಹಾಗೆಯೇ. ಮೂರಕ್ಕೂ ಒಂದೇ ಕೋಡ್ ಓಡಿಸಿದ್ದರಿಂದ ಎಲ್ಲ ಕಲಸಿ ಕಾಣುತ್ತಿದೆ.

ಮೊದಲು ಆ ಮೂರು ಅಭಿಪ್ರಾಯಗಳ ವಿಚಾರ. ಎನ್‌ಕ್ರಿಪ್ಟ್ ಆಗಿದ್ದರೆ ಐದನೆಯ ಜಾಗದಲ್ಲಿ 120, 156 ಎಂಬ ಜೋಡಿ ಪ್ರತಿ ಸಾಲಿನಲ್ಲೂ ಕಾಣಿಸುವುದಿಲ್ಲ. ಎನ್‌ಕ್ರಿಪ್ಟ್ ಆದ ಡೇಟಾ ಸಾಲಿನಿಂದ ಸಾಲಿಗೆ ಬೇರೆಯೇ ಆಗಿ, ಯಾವ ಗುರುತೂ ಇಲ್ಲದೆ ಇರುತ್ತದೆ. ಹಳೆಯ ಆವೃತ್ತಿ ಹುಡುಕುವುದು ವ್ಯರ್ಥ ಓಡಾಟ: ಡಿಫ್ಲೇಟ್ ಎಂಬ ಕಂಪ್ರೆಷನ್ ವಿಧಾನ, ಅದರ ಮೊದಲಿಗೆ ಹೆಡರ್ ಎಂಬ ಗುರುತು, ಕೊನೆಗೆ ಚೆಕ್‌ಸಮ್ ಎಂಬ ತಾಳೆ ಸಂಖ್ಯೆ ಸೇರಿಸುವ ಜೆಡ್‌ಲಿಬ್, ಜಿಜಿಪ್, ಈ ಮೂರರ ಸ್ವರೂಪವೂ 1996ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ (ಇಂಟರ್‌ನೆಟ್ ತಾಂತ್ರಿಕ ದಾಖಲೆ) 1951, 1950, 1952 ಎಂದು ಪ್ರಕಟವಾದದ್ದು, ಅಂದಿನಿಂದ ಹಾಗೆಯೇ ಇದೆ. ಅಂದು ಕಂಪ್ರೆಸ್ ಮಾಡಿದ್ದನ್ನು ಇಂದಿನ ಪೈಥಾನ್ ತೆರೆಯುತ್ತದೆ. ಕರೆಂಟ್ ವಿಚಾರದಲ್ಲಿ ಮಾತ್ರ ಅರ್ಧ ಸತ್ಯ ಇದೆ, ಆದರೆ ಅದರ ಹೊಡೆತ ಬೇರೆ ಕಡೆ ಬೀಳುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಆ ಏಳು ಬೈಟ್‌ಗಳನ್ನು ಹತ್ತಿರದಿಂದ ನೋಡಿ. ಮೊದಲ ನಾಲ್ಕು: 0, 0, 90, 0. ದೊಡ್ಡ ಬೈಟ್ ಮೊದಲು ಬರುವ ಕ್ರಮದಲ್ಲಿ ಓದಿದರೆ 90 ಗುಣಿಸು 256, ಅಂದರೆ 23040. ದಿನಕ್ಕೆ 86400 ಸೆಕೆಂಡ್, 30 ಸೆಕೆಂಡಿಗೊಂದರಂತೆ 2880 ರೀಡಿಂಗ್. 23040ನ್ನು 2880ರಿಂದ ಭಾಗಿಸಿದರೆ ಶೇಷವಿಲ್ಲದೆ 8. ಇದು ಕಾಕತಾಳೀಯ ಅಲ್ಲ. ಕಂಪ್ರೆಸ್ ಮಾಡುವ ಮುಂಚಿನ ಉದ್ದವನ್ನು ಆ ನಾಲ್ಕು ಬೈಟ್‌ಗಳಲ್ಲಿ ಬರೆದಿಟ್ಟಿದ್ದಾರೆ, ಒಂದೊಂದು ರೀಡಿಂಗಿಗೆ 8 ಬೈಟ್. ಕ್ಯೂಟಿಯಲ್ಲಿ ಕ್ಯೂಕಂಪ್ರೆಸ್ ಎಂಬ ಫಂಕ್ಷನ್ ಇದೆ. ಅದು ಮಾಡುವುದೇ ಇದನ್ನು: ಮುಂದೆ ನಾಲ್ಕು ಬೈಟ್ ಉದ್ದ, ಅದರ ನಂತರ ಸಾಮಾನ್ಯ ಜೆಡ್‌ಲಿಬ್ ಡೇಟಾ. ಮೀನಿನ ಬಾಕ್ಸಿನ ಮೇಲೆ ತೂಕ ಬರೆದ ಚೀಟಿ ಇದ್ದಂತೆ. ಪೈಥಾನ್ ಆ ಚೀಟಿಯನ್ನೇ ಮೀನು ಎಂದುಕೊಂಡು ಕತ್ತರಿಸಲು ಹೋಗುತ್ತಿದೆ.

ಐದನೆಯ ಬೈಟ್ 120. ಇದರ ಕೆಳಗಿನ ನಾಲ್ಕು ಬಿಟ್‌ಗಳ ಬೆಲೆ 8, ಅಂದರೆ ವಿಧಾನ ಡಿಫ್ಲೇಟ್. ಮೇಲಿನ ನಾಲ್ಕರ ಬೆಲೆ 7, ಅಂದರೆ ಹಿಂದಕ್ಕೆ 32768 ಬೈಟ್‌ವರೆಗೆ ನೋಡುವ ಕಿಟಕಿ. ಆರನೆಯದು 156: ಸಾಮಾನ್ಯ ಕಂಪ್ರೆಷನ್ ಮಟ್ಟ ಎಂಬ ಸೂಚನೆ, ಜೊತೆಗೆ ಪರೀಕ್ಷೆಯ ಬಿಟ್‌ಗಳು. ಎರಡನ್ನೂ ಸೇರಿಸಿ 120 ಗುಣಿಸು 256 ಕೂಡಿಸು 156 ಮಾಡಿದರೆ 30876. ಅದು 31ರಿಂದ ಪೂರ್ತಿ ಭಾಗವಾಗುತ್ತದೆ. ಜೆಡ್‌ಲಿಬ್ ಹೆಡರ್ ಸರಿ ಇದೆಯೇ ಎಂದು ಲೈಬ್ರರಿ ನೋಡುವುದು ಇದೇ ಲೆಕ್ಕದಿಂದ. ಏಳನೆಯದು 237. ಅದರ ಕೊನೆಯ ಮೂರು ಬಿಟ್‌ಗಳು, ಇದೇ ಕೊನೆಯ ಬ್ಲಾಕ್, ಇದನ್ನು ಬಿಚ್ಚಲು ಬೇಕಾದ ಸಂಕೇತಗಳ ಪಟ್ಟಿ (ಹಫ್‌ಮನ್ ಕೋಷ್ಟಕ) ಇದರೊಳಗೇ ಇದೆ ಎನ್ನುತ್ತವೆ. ಅಂದರೆ ಇಡೀ ದಿನದ ದಾಖಲೆ ಒಂದೇ ಬ್ಲಾಕ್. ಈ ವಿಷಯ ಕತ್ತರಿಸಿಹೋದ ಸಾಲುಗಳಲ್ಲಿ ಕೆಲಸಕ್ಕೆ ಬರುತ್ತದೆ.

ನಿಮಗೆ ಬಂದ ಎರರ್‌ಗಳಿಗೂ ಇಲ್ಲೇ ಉತ್ತರ ಇದೆ. ಮೊದಲೆರಡು ಬೈಟ್ 0, 0. ಸೊನ್ನೆಯನ್ನು 31ರಿಂದ ಭಾಗಿಸಿದರೆ ಶೇಷ ಸೊನ್ನೆಯೇ, ಹಾಗಾಗಿ ಹೆಡರ್ ಪರೀಕ್ಷೆ ಪಾಸ್. ಮುಂದೆ ವಿಧಾನದ ಜಾಗದಲ್ಲಿ 8 ಬದಲು 0 ಕಂಡಿತು; ಆದ್ದರಿಂದ ‘ಅನ್‌ನೋನ್ ಕಂಪ್ರೆಷನ್ ಮೆಥಡ್’. ದಿನದ ಡೇಟಾ 65536 ಬೈಟ್‌ಗಿಂತ ತುಸು ದೊಡ್ಡದಾಗಿದ್ದರೆ ಸಾಲು 0, 1 ಎಂದು ಶುರುವಾಗಿ, ಇದೇ ತಪ್ಪಿಗೆ ‘ಇನ್‌ಕರೆಕ್ಟ್ ಹೆಡರ್ ಚೆಕ್’ ಎಂಬ ಬೇರೆ ಸಂದೇಶ ಬರುತ್ತಿತ್ತು. ಮೈನಸ್ 15 ಎಂದರೆ ಹೆಡರ್ ಇಲ್ಲದ ಬರೀ ಡಿಫ್ಲೇಟ್ ಎಂದು ಹೇಳಿದಂತೆ. ಆಗ ಮೊದಲ ಸೊನ್ನೆಯನ್ನು ‘ಕಂಪ್ರೆಸ್ ಮಾಡದೆ ಹಾಗೇ ಇಟ್ಟ ಬ್ಲಾಕ್’ ಎಂದು ಓದಿ, ಮುಂದಿನ ಎರಡೆರಡು ಬೈಟ್‌ಗಳಲ್ಲಿ ಉದ್ದವನ್ನೂ ಅದರ ಬಿಟ್‌ಗಳನ್ನೆಲ್ಲ ತಿರುಗಿಸಿದ ಬೆಲೆಯನ್ನೂ ಹುಡುಕುತ್ತದೆ. ಎರಡೂ ತಾಳೆಯಾಗದೆ ಸ್ಟೋರ್ಡ್ ಬ್ಲಾಕ್ ಎರರ್ ಬಂತು. ಮೂರೂ ಸಂದೇಶದ ಅರ್ಥ ಒಂದೇ: ಓದಲು ಶುರು ಮಾಡಿದ ಜಾಗ ತಪ್ಪು. ಡೇಟಾ ಹಾಳಾಗಿದೆ ಎಂದು ಯಾವುದೂ ಹೇಳಲಿಲ್ಲ.

ನೀವು ಬೇರೆ ಕಡೆಯಿಂದ ಬಂದ ದಾಖಲೆಯನ್ನೂ ನೋಡಬೇಕಾಗಿ ಬಂದರೆ ಗುರುತುಗಳು ಹೀಗಿರುತ್ತವೆ. ಜಿಜಿಪ್ 31, 139 ಎಂದು ಶುರುವಾಗುತ್ತದೆ. ಜೆಡ್‌ಲಿಬ್ ಬಹುಪಾಲು 120 ಮತ್ತು ಅದರ ನಂತರ 1, 94, 156, 218 ಇವುಗಳಲ್ಲಿ ಒಂದು. ಜಿಪ್ ಫೈಲ್ 80, 75. ಜೆಡ್‌ಸ್ಟ್ಯಾಂಡರ್ಡ್ 40, 181, 47, 253. ಮೈಎಸ್‌ಕ್ಯುಎಲ್‌ನ ಕಂಪ್ರೆಸ್ ಫಂಕ್ಷನ್ ಕೂಡ ಮುಂದೆ ನಾಲ್ಕು ಬೈಟ್ ಉದ್ದ ಹಾಕುತ್ತದೆ, ಆದರೆ ಸಣ್ಣ ಬೈಟ್ ಮೊದಲು. ನಿಮ್ಮದೇ ದಾಖಲೆ ಅಲ್ಲಿದ್ದರೆ 0, 90, 0, 0 ಎಂದಾಗುತ್ತಿತ್ತು. ಇನ್ನು ಮೊದಲಕ್ಷರಗಳೇ ಓದಲು ಬರುವ ಇಂಗ್ಲಿಷ್ ಅಕ್ಷರಗಳಾಗಿದ್ದರೆ, ಉದಾಹರಣೆಗೆ ದೊಡ್ಡ ಎಚ್, 4, ಸಣ್ಣ ಎಸ್, ದೊಡ್ಡ ಐ ಎಂದಿದ್ದರೆ, ಅದು ಬೇಸ್ 64ಕ್ಕೆ (ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಪದ್ಧತಿ) ತಿರುಗಿಸಿದ ಜಿಜಿಪ್. ಮೊದಲು ಬೇಸ್ 64 ಬಿಚ್ಚಿ ಆಮೇಲೆ ಡೀಕಂಪ್ರೆಸ್ ಮಾಡಬೇಕು. ಮುಂದೆ ಎಷ್ಟು ಬೈಟ್ ಅಂಟಿಸಿದ್ದಾರೆ ಎಂದೇ ಗೊತ್ತಿಲ್ಲದಾಗ ಕಡತದಲ್ಲಿ 120, 156 ಹುಡುಕುವವರಿದ್ದಾರೆ. ಹುಡುಕಬಹುದು. ಆದರೆ ಗೊತ್ತುಗುರಿಯಿಲ್ಲದ ಡೇಟಾದಲ್ಲೂ ಸರಾಸರಿ 65536 ಬೈಟಿಗೊಮ್ಮೆ ಆ ಜೋಡಿ ತಾನಾಗಿ ಬಂದುಬಿಡುತ್ತದೆ. ಕೊನೆಯವರೆಗೆ ಡೀಕಂಪ್ರೆಸ್ ಆಗಿ ಚೆಕ್‌ಸಮ್ ತಾಳೆಯಾದರೆ ಮಾತ್ರ ನಂಬಿ.

ಪೂರ್ತಿ ಇರುವ ಸಾಲುಗಳು

ಡೇಟಾಬೇಸ್ ಫೈಲಿನ ನಕಲು ಮಾಡಿ, ನಕಲಿನ ಮೇಲೆಯೇ ಕೆಲಸ ಮಾಡಿ. ಪೈಥಾನ್‌ನಲ್ಲಿ ಸಾಲನ್ನು ಓದಿದಾಗ ಸಿಕ್ಕ ವಸ್ತು ಬೈಟ್ಸ್ ಆಗಿರಬೇಕು, ಸ್ಟ್ರಿಂಗ್ ಅಲ್ಲ. ಎಸ್‌ಕ್ಯುಲೈಟ್‌ನಲ್ಲಿ ಕಾಲಮ್‌ನ ವಿಧ ಏನೇ ಇರಲಿ, ಒಂದೊಂದು ಸಾಲು ಬೇರೆ ಬೇರೆ ವಿಧದ್ದಾಗಿರಬಹುದು; ಟೈಪ್‌ಆಫ್ ಫಂಕ್ಷನ್ ಹಾಕಿ ಯಾವುದು ಬ್ಲಾಬ್, ಯಾವುದು ಟೆಕ್ಸ್ಟ್ ಎಂದು ಮೊದಲೇ ವಿಂಗಡಿಸಿ. ಟೆಕ್ಸ್ಟ್ ಆಗಿ ಕೂತ ಸಾಲಿದ್ದರೆ ಕನೆಕ್ಷನ್‌ನ ಟೆಕ್ಸ್ಟ್ ಫ್ಯಾಕ್ಟರಿಯನ್ನು ಬೈಟ್ಸ್ ಎಂದು ಮಾಡಿಕೊಂಡರೆ ಯುಟಿಎಫ್ 8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಎರರ್ ಇಲ್ಲದೆ ಒಳಗಿನ ಬೈಟ್‌ಗಳು ಹಾಗೇ ಸಿಗುತ್ತವೆ. ಇಲ್ಲೊಂದು ಮೋಸ ಇದೆ: ಟೆಕ್ಸ್ಟ್ ಸಾಲಿನ ಮೇಲೆ ಲೆಂತ್ ಫಂಕ್ಷನ್ ಹಾಕಿದರೆ ಮೊದಲ ಸೊನ್ನೆ ಬೈಟ್‌ವರೆಗೆ ಮಾತ್ರ ಎಣಿಸುತ್ತದೆ. ನಿಮ್ಮ ಸಾಲು ಸೊನ್ನೆಯಿಂದಲೇ ಶುರುವಾಗುವುದರಿಂದ ಉದ್ದ 0 ಎಂದು ತೋರಿಸುತ್ತದೆ. ಸಾಲು ಖಾಲಿ ಎಂದುಕೊಂಡು ಅಳಿಸಿದರೆ ಕೆಲಸ ಕೆಟ್ಟಿತು.

ನಂತರದ ಕೆಲಸ ಇಷ್ಟು. ಮೊದಲ ನಾಲ್ಕು ಬೈಟ್ ಬಿಡಿಸಿ, ದೊಡ್ಡ ಬೈಟ್ ಮೊದಲ ಕ್ರಮದಲ್ಲಿ ಸಂಖ್ಯೆ ಮಾಡಿ, ‘ನಿರೀಕ್ಷಿತ ಉದ್ದ’ ಎಂದು ಇಟ್ಟುಕೊಳ್ಳಿ. ಆ ಸಂಖ್ಯೆಯನ್ನು ಕುರುಡಾಗಿ ನಂಬಬೇಡಿ: ದಿನಕ್ಕೆ 23040 ಬರಬೇಕಾದಲ್ಲಿ ಕೋಟಿಗಟ್ಟಲೆ ಬಂದರೆ ಆ ಸಾಲನ್ನು ಪಕ್ಕಕ್ಕಿಡಿ. ಐದನೆಯ ಬೈಟ್‌ನಿಂದ ಕೊನೆಯವರೆಗಿನದ್ದನ್ನು ಜೆಡ್‌ಲಿಬ್‌ನ ಡೀಕಂಪ್ರೆಸ್ ಆಬ್ಜೆಕ್ಟ್‌ಗೆ ಕೊಡಿ. ವಿಬಿಟ್ಸ್ ಏನೂ ಬದಲಿಸದೆ 15ರಲ್ಲೇ ಇರಲಿ. ಗರಿಷ್ಠ ಉದ್ದ ಎಂಬ ಮಿತಿಯನ್ನು ನಿರೀಕ್ಷಿತ ಉದ್ದಕ್ಕಿಂತ 1 ಹೆಚ್ಚು ಇಡಿ. ಸರಿಯಾಗಿ ಅಷ್ಟೇ ಇಟ್ಟರೆ ಡೇಟಾ ಪೂರ್ತಿ ಬಂದರೂ ಕೊನೆಯ ಚೆಕ್‌ಸಮ್ ಓದುವ ಮುಂಚೆಯೇ ನಿಂತುಬಿಡಬಹುದು. ಮುಗಿದ ಮೇಲೆ ಮೂರು ವಿಷಯ ನೋಡಿ: ಬಂದ ಉದ್ದ ನಿರೀಕ್ಷಿತ ಉದ್ದಕ್ಕೆ ಸಮವೇ, ಇಒಎಫ್ (ಡೇಟಾದ ಕೊನೆ ಮುಟ್ಟಿತೇ) ಎಂಬ ಗುಣ ಟ್ರೂ ಆಗಿದೆಯೇ, ಅನ್‌ಯೂಸ್ಡ್ ಡೇಟಾ ಖಾಲಿಯೇ. ಮೂರೂ ಸರಿಯಿದ್ದರೆ ಆ ದಿನದ ದಾಖಲೆ ಅಂದು ಬರೆದ ಹಾಗೆಯೇ ಇದೆ ಎಂದು ಧೈರ್ಯವಾಗಿ ಹೇಳಬಹುದು. ಜೆಡ್‌ಲಿಬ್ ಡೇಟಾದ ಕೊನೆಯ ನಾಲ್ಕು ಬೈಟ್ ಆಡ್ಲರ್ 32 ಚೆಕ್‌ಸಮ್. ಅದು ತಾಳೆಯಾಗದಿದ್ದರೆ ‘ಇನ್‌ಕರೆಕ್ಟ್ ಡೇಟಾ ಚೆಕ್’ ಎಂಬ ಎರರ್ ತಾನಾಗಿ ಬರುತ್ತದೆ.

ಜೆಡ್‌ಲಿಬ್‌ನ ಸರಳ ಡೀಕಂಪ್ರೆಸ್ ಫಂಕ್ಷನ್ ಸಾಲದೇ ಎಂದು ಕೇಳಬಹುದು. ಸಾಕಾಗುತ್ತದೆ, ಆದರೆ ಅದು ಡೇಟಾ ಮುಗಿದ ಮೇಲೆ ಹಿಂದೆ ಉಳಿದ ಹೆಚ್ಚುವರಿ ಬೈಟ್‌ಗಳ ಬಗ್ಗೆ ತುಟಿ ಬಿಚ್ಚುವುದಿಲ್ಲ, ಮತ್ತು ಮಿತಿ ಹಾಕಲು ಬಿಡುವುದಿಲ್ಲ. ಡಿಫ್ಲೇಟ್‌ನಲ್ಲಿ ಒಂದು ಬೈಟ್ ಸಾವಿರದಷ್ಟು ಬೈಟಾಗಿ ಬಿಚ್ಚಿಕೊಳ್ಳಬಲ್ಲದು. ಅತಿಹೆಚ್ಚೆಂದರೆ ಸುಮಾರು 1032 ಪಟ್ಟು. ನಿಮ್ಮದೇ ಕಚೇರಿಯ ಡೇಟಾಕ್ಕೆ ಇದು ದೊಡ್ಡ ಅಪಾಯ ಅಲ್ಲ. ಹೊರಗಿನವರು ಅಪ್‌ಲೋಡ್ ಮಾಡುವ ಫೈಲ್ ಆದರೆ ಮಿತಿ ಇಲ್ಲದೆ ಬಿಚ್ಚಲೇಬಾರದು.

ಜಾಲತಾಣಗಳಲ್ಲಿ ಇಂಥ ಪ್ರಶ್ನೆಗೆ ತಟ್ಟನೆ ಸಿಗುವ ಸಲಹೆ ಎಂದರೆ ‘ಆರು ಬೈಟ್ ಬಿಟ್ಟು ಮೈನಸ್ 15 ಹಾಕಿ’ ಎಂಬುದು. ಅದು ಕೆಲಸ ಮಾಡುತ್ತದೆ, ಅದೇ ತೊಂದರೆ. ಆ ದಾರಿಯಲ್ಲಿ ಹೆಡರ್ ಪರೀಕ್ಷೆಯೂ ಇಲ್ಲ, ಕೊನೆಯ ಚೆಕ್‌ಸಮ್ ಪರೀಕ್ಷೆಯೂ ಇಲ್ಲ. ಮಧ್ಯೆ ಒಂದು ಬಿಟ್ ಬದಲಾಗಿ ಮೈನಸ್ 18 ಇದ್ದದ್ದು ಇನ್ನೇನೋ ಆದರೂ ನಿಮಗೆ ಗೊತ್ತಾಗುವುದಿಲ್ಲ. ಆಡಿಟ್‌ಗೆ ಕೊಡುವ ದಾಖಲೆಯಲ್ಲಿ ಆ ಪರೀಕ್ಷೆಯೇ ನಿಮ್ಮ ಬಲ. ಅದನ್ನು ಕೈಯಾರೆ ಬಿಟ್ಟುಕೊಡಬೇಡಿ. ಹಾಗೆಯೇ ಫೈಲ್ ಹಾಕಿದರೆ ಬಿಚ್ಚಿಕೊಡುವ ಆನ್‌ಲೈನ್ ಸೈಟ್‌ಗಳಿಗೆ ಕಂಪನಿಯ ದಾಖಲೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಮೊದಲ ನಾಲ್ಕು ಬೈಟ್ ತೆಗೆಯಬೇಕೆಂದು ಅವಕ್ಕೂ ಗೊತ್ತಿರುವುದಿಲ್ಲ.

4096 ಬೈಟ್‌ನ ಸಾಲುಗಳು

ಬೇರೆ ಬೇರೆ ದಿನಗಳ ಕಂಪ್ರೆಸ್ ಆದ ಡೇಟಾ ಸರಿಯಾಗಿ ಒಂದೇ ಉದ್ದಕ್ಕೆ ಬರುವುದಿಲ್ಲ. ಬಂದರೂ 4096ರಂಥ ದುಂಡು ಸಂಖ್ಯೆಗೆ ಬರುವುದಿಲ್ಲ. ನಕಲು ಮಾಡಿದ ಪ್ರೋಗ್ರಾಂ 4096 ಬೈಟ್‌ನ ಬಫರ್ ಇಟ್ಟು, ಒಂದೇ ಸಲ ಓದಿ, ಉಳಿದದ್ದನ್ನು ಓದಲು ಲೂಪ್ ಹಾಕದೆ ಮುಂದೆ ಹೋಗಿರುವ ಸಾಧ್ಯತೆ ಹೆಚ್ಚು. ಕರೆಂಟ್ ಹೋಗಿ ಹೀಗೆ ಆಗುವುದಿಲ್ಲ. ಕರೆಂಟ್ ಹೋಗುವುದಕ್ಕೆ ಲೆಕ್ಕ ಇಲ್ಲ, 4096ಕ್ಕೆ ಇದೆ. ನಾಲ್ಕು ಬೈಟ್ ಬಿಟ್ಟು ಸರಳ ಫಂಕ್ಷನ್‌ಗೆ ಕೊಟ್ಟರೆ ಇವು ‘ಎರರ್ ಮೈನಸ್ 5, ಇನ್‌ಕಂಪ್ಲೀಟ್ ಆರ್ ಟ್ರಂಕೇಟೆಡ್ ಸ್ಟ್ರೀಮ್’ ಕೊಡುತ್ತವೆ. ಮೈನಸ್ 3ಕ್ಕೂ ಮೈನಸ್ 5ಕ್ಕೂ ಇರುವ ವ್ಯತ್ಯಾಸ ಗಮನಿಸಿ: 3 ಎಂದರೆ ಓದಿದ್ದು ಅರ್ಥವಾಗಲಿಲ್ಲ, 5 ಎಂದರೆ ಓದಿದಷ್ಟು ಅರ್ಥವಾಯಿತು, ಮುಂದೆ ಬೈಟ್ ಸಾಲಲಿಲ್ಲ.

ಮೊದಲ ದಾರಿ, ಹಳೆಯ ಕಂಪ್ಯೂಟರ್ ಇನ್ನೂ ಇದ್ದರೆ ಅಲ್ಲಿಂದ ಡೇಟಾಬೇಸ್ ಫೈಲನ್ನೇ ಹಾಗೆಯೇ ತರುವುದು. ಅದು ಆಗದಿದ್ದರೆ ಡೀಕಂಪ್ರೆಸ್ ಆಬ್ಜೆಕ್ಟ್ ಬಳಸಿ. ಅದು ಕತ್ತರಿಸಿಹೋದ ಡೇಟಾಕ್ಕೆ ಎರರ್ ಕೊಡದೆ ಬಂದಷ್ಟನ್ನು ಕೊಡುತ್ತದೆ, ಕೊನೆಗೆ ಫ್ಲಶ್ ಮಾಡಿದರೆ ಒಳಗೆ ಉಳಿದದ್ದೂ ಬರುತ್ತದೆ. ಇಒಎಫ್ ಮಾತ್ರ ಫಾಲ್ಸ್ ಆಗಿಯೇ ಇರುತ್ತದೆ. ಹಫ್‌ಮನ್ ಕೋಷ್ಟಕ ಬ್ಲಾಕಿನ ತಲೆಯಲ್ಲೇ ಇರುವುದರಿಂದ ಶುರುವಿನ ಭಾಗ ಬಿಚ್ಚಲು ಕೊನೆಯ ಭಾಗ ಬೇಕಿಲ್ಲ. 7000ರಲ್ಲಿ 4092 ಬೈಟ್ ಉಳಿದಿದ್ದರೆ ನಡುರಾತ್ರಿಯಿಂದ ಶುರುವಾಗಿ ದಿನದ ಅರ್ಧಕ್ಕಿಂತ ತುಸು ಹೆಚ್ಚು ಸಿಗಬೇಕು. ಬಂದ ಉದ್ದ 8ರಿಂದ ಭಾಗವಾಗದಿದ್ದರೆ ಶೇಷದ ಬೈಟ್‌ಗಳನ್ನು ಬಿಟ್ಟುಬಿಡಿ, ಅದು ಅರ್ಧ ರೀಡಿಂಗ್. ಬಂದ ಭಾಗ ತಪ್ಪಾಗಿರುವ ಸಂಭವ ಕಡಿಮೆ, ಆದರೆ ಚೆಕ್‌ಸಮ್ ಕೊನೆಯ ಭಾಗದ ಜೊತೆ ಹೋಗಿರುವುದರಿಂದ ಸಾಬೀತು ಮಾಡಲು ಬರುವುದಿಲ್ಲ.

ಮಧ್ಯದಲ್ಲಿ ಬೈಟ್ ಬದಲಾದ ಸಾಲುಗಳು ಸಿಕ್ಕರೆ ಅದು ಬೇರೆ ಪ್ರಕರಣ. ‘ಇನ್‌ವ್ಯಾಲಿಡ್ ಡಿಸ್ಟೆನ್ಸ್ ಟೂ ಫಾರ್ ಬ್ಯಾಕ್’ ಎಂಬಂಥ ಎರರ್ ದಾರಿಯ ನಡುವೆ ಬರುತ್ತದೆ. ಡಿಫ್ಲೇಟ್ ಕೆಲಸ ಮಾಡುವುದೇ ‘ಇಷ್ಟು ಬೈಟ್ ಹಿಂದಕ್ಕೆ ಹೋಗಿ ಇಷ್ಟು ನಕಲು ಮಾಡು’ ಎಂಬ ಸೂಚನೆಗಳಿಂದ. ನಕಲಿನ ಉದ್ದ 3ರಿಂದ 258, ಹಿಂದಕ್ಕೆ ಹೋಗುವುದು 32768ರವರೆಗೆ. ನಿಮ್ಮ ಇಡೀ ದಿನ 23040 ಬೈಟ್, ಅಂದರೆ ಪೂರ್ತಿ ಕಿಟಕಿಯೊಳಗೆ. ಬೆಳಿಗ್ಗೆಯ ಒಂದು ತಪ್ಪು ಬೈಟ್ ಸಂಜೆಯವರೆಗೂ ನಕಲಾಗುತ್ತ ಹೋಗಬಹುದು. ಅಂಥ ಸಾಲನ್ನು 64 ಬೈಟ್‌ನಂತೆ ತುಂಡು ತುಂಡಾಗಿ ಕೊಡಿ, ಏಕೆಂದರೆ ಪೈಥಾನ್ ಎರರ್ ಎತ್ತಿದಾಗ ಆ ಕರೆಯಲ್ಲಿ ಬಿಚ್ಚಿದ್ದೆಲ್ಲ ಕೈಬಿಟ್ಟು ಹೋಗುತ್ತದೆ. ತುಂಡಾಗಿ ಕೊಟ್ಟರೆ ಹಿಂದಿನ ತುಂಡುಗಳದ್ದಾದರೂ ಉಳಿಯುತ್ತದೆ. ತಪ್ಪು ನಡೆದ ಜಾಗ ಎರರ್ ಬಂದ ಜಾಗಕ್ಕಿಂತ ಹಿಂದೆಯೇ ಇರುತ್ತದೆ, ಹಾಗಾಗಿ ಕೊನೆಯಲ್ಲಿ ಸಿಕ್ಕದ್ದನ್ನು ಸಂಶಯದಿಂದಲೇ ನೋಡಿ.

ಸಿಎಸ್‌ವಿಯಲ್ಲಿ ಏನಾಯಿತು

ಬೈನರಿ ಡೇಟಾವನ್ನು ಅಕ್ಷರ ಎಂದು ಓದಿದ್ದಾರೆ. 156 ಒಂಟಿಯಾಗಿ ಬಂದರೆ ಯುಟಿಎಫ್ 8ರಲ್ಲಿ ಅದಕ್ಕೆ ಅರ್ಥ ಇಲ್ಲ. ಅರ್ಥವಾಗದ ಬೈಟ್ ಸಿಕ್ಕಾಗ ಕೆಲವು ಪ್ರೋಗ್ರಾಂಗಳು ಅದರ ಜಾಗದಲ್ಲಿ ಪ್ರಶ್ನೆ ಚಿಹ್ನೆಯಿರುವ ಕಪ್ಪು ವಜ್ರದ ಗುರುತು ಹಾಕುತ್ತವೆ. ಆ ಗುರುತನ್ನು ಉಳಿಸಿದಾಗ ಆಗುವ ಮೂರು ಬೈಟ್‌ಗಳೇ 239, 191, 189. 128ಕ್ಕಿಂತ ಮೇಲಿನ ಬೈಟ್‌ಗಳಲ್ಲಿ ಬಹುಪಾಲು ಹೀಗೆ ಒಂದೇ ಗುರುತಾಗಿ ಬದಲಾಗಿವೆ. ಯಾವುದು 156 ಇತ್ತು, ಯಾವುದು 237 ಇತ್ತು ಎಂದು ಹೇಳಲು ಮಾಹಿತಿಯೇ ಉಳಿದಿಲ್ಲ. ಕಂಪ್ರೆಸ್ ಆದ ಡೇಟಾದಲ್ಲಿ ಅರ್ಧದಷ್ಟು ಬೈಟ್‌ಗಳು 128ಕ್ಕಿಂತ ಮೇಲೆಯೇ ಇರುತ್ತವೆ. ಇದನ್ನು ಸರಿಪಡಿಸುವ ಉಪಾಯ ಇಲ್ಲ. ‘ರಿಪೇರಿ’ ತಂತ್ರಾಂಶ ಮಾರಲು ಬಂದವರಿಗೆ ಹಣ ಕೊಡಬೇಡಿ.

ಆದರೆ ಸಿಎಸ್‌ವಿ ಎಲ್ಲವೂ ಒಂದೇ ರೀತಿ ಹಾಳಾಗಿರಬೇಕೆಂದಿಲ್ಲ, 120ರ ಮುಂದಿನ ಬೈಟ್‌ಗಳನ್ನು ಪ್ರತಿ ಫೈಲಿನಲ್ಲೂ ನೋಡಿ. 120, 194, 156 ಎಂದಿದ್ದರೆ ಯಾರೋ ಲ್ಯಾಟಿನ್ 1 (ಹಳೆಯ ಅಕ್ಷರ ಪಟ್ಟಿ) ಎಂದು ಓದಿ ಯುಟಿಎಫ್ 8 ಆಗಿ ಬರೆದಿದ್ದಾರೆ. ಯುಟಿಎಫ್ 8ರಿಂದ ಓದಿ ಲ್ಯಾಟಿನ್ 1 ಆಗಿ ವಾಪಸ್ ಬೈಟ್ ಮಾಡಿದರೆ ಒಂದೂ ಬೈಟ್ ಹೋಗದೆ ಸಿಗುತ್ತದೆ. 120, 197, 147 ಎಂದಿದ್ದರೆ ವಿಂಡೋಸ್ 1252 ಎಂಬ ಇನ್ನೊಂದು ಅಕ್ಷರ ಪಟ್ಟಿ. ಇದರಲ್ಲೂ ಹೆಚ್ಚಿನದು ವಾಪಸ್ ಬರುತ್ತದೆ, ಆದರೆ 129, 141, 143, 144, 157 ಈ ಐದು ಬೆಲೆಗಳಿಗೆ ಆ ಪಟ್ಟಿಯಲ್ಲಿ ಅಕ್ಷರವೇ ಇಲ್ಲದ ಕಾರಣ ಅವುಗಳ ಜಾಗದಲ್ಲಿ ಏನಿದೆ ಎಂದು ನೋಡಬೇಕು. ಇನ್ನೊಂದು ಪರಿಚಿತ ಹಾನಿ, ವಿಂಡೋಸ್‌ನಲ್ಲಿ ಫೈಲನ್ನು ಟೆಕ್ಸ್ಟ್ ಮೋಡ್‌ನಲ್ಲಿ ಬರೆದಾಗ ಪ್ರತಿ 10ಕ್ಕೆ ಮೊದಲು ಒಂದು 13 ಸೇರಿಕೊಳ್ಳುವುದು. ಅದು ಎಲ್ಲ 10ಕ್ಕೂ ತಪ್ಪದೆ ಆಗಿದ್ದರೆ, ಪ್ರತಿ 10ಕ್ಕೆ ಮೊದಲಿರುವ ಒಂದೊಂದು 13 ತೆಗೆದರೆ ಮೂಲ ಡೇಟಾ ನಿಖರವಾಗಿ ಮರಳುತ್ತದೆ. ತಿರುಗುಮುರುಗಾಗಿ, 13 ಮತ್ತು 10ರ ಜೋಡಿಯನ್ನು ಬರೀ 10 ಮಾಡಿದ್ದರೆ ಯಾವ 10ಕ್ಕೆ 13 ಇತ್ತೆಂದು ಗೊತ್ತಾಗುವುದಿಲ್ಲ.

ಈಗ ಕರೆಂಟ್ ವಿಚಾರ. ಎಸ್‌ಕ್ಯುಲೈಟ್ ಬರೆಯುವಾಗ ಕರೆಂಟ್ ಹೋದರೂ ತಡೆದುಕೊಳ್ಳುವಂತೆಯೇ ಮಾಡಿರುವುದು. ಅದಕ್ಕಾಗಿ ಮುಖ್ಯ ಫೈಲಿನ ಪಕ್ಕದಲ್ಲಿ, ಅದೇ ಹೆಸರಿನ ಕೊನೆಗೆ ‘ಜರ್ನಲ್’ ಅಥವಾ ‘ವಾಲ್’ ಎಂದು ಸೇರಿಸಿದ ಇನ್ನೊಂದು ಫೈಲ್ ಇಟ್ಟುಕೊಳ್ಳುತ್ತದೆ. ಹಾನಿ ಆಗುವುದು ಆಮೇಲೆ: ಕರೆಂಟ್ ಬಂದ ಮೇಲೆ ಯಾರಾದರೂ ಮುಖ್ಯ ಫೈಲನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಪಕ್ಕದ್ದನ್ನು ಕಸ ಎಂದು ಬಿಟ್ಟರೆ ಅಥವಾ ಅಳಿಸಿದರೆ. ವಾಲ್ ಫೈಲ್ ಬಿಟ್ಟರೆ ಕೊನೆಯ ಸಾಲುಗಳು ಕಾಣೆಯಾಗಬಹುದು, ಜರ್ನಲ್ ಬಿಟ್ಟರೆ ಡೇಟಾಬೇಸೇ ಕೆಡಬಹುದು. ಆದ್ದರಿಂದ ಹಳೆಯ ಕಂಪ್ಯೂಟರ್ ಸಿಕ್ಕರೆ ಆ ಪ್ರೋಗ್ರಾಂ ತೆರೆಯುವ ಮುಂಚೆ ಇಡೀ ಫೋಲ್ಡರನ್ನು ನಕಲು ಮಾಡಿ. ಹಾರ್ಡ್‌ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ ನಕಲು ಮಾಡಿದರೆ ಇನ್ನೂ ಒಳ್ಳೆಯದು. ನಕಲಿನ ಮೇಲೆ ಇಂಟೆಗ್ರಿಟಿ ಚೆಕ್ ಎಂಬ ಪ್ರಾಗ್ಮಾ (ಎಸ್‌ಕ್ಯುಲೈಟ್‌ನ ಆದೇಶ) ಓಡಿಸಿ. ‘ಓಕೆ’ ಬಂದರೆ ಡೇಟಾಬೇಸ್ ರಚನೆ ಸರಿ ಇದೆ. ಬ್ಲಾಬ್ ಒಳಗಿನದ್ದು ಸರಿ ಇದೆಯೇ ಎಂಬುದನ್ನು ಅದು ನೋಡುವುದಿಲ್ಲ, ಅದಕ್ಕೆ ಆಡ್ಲರ್ ಇದೆ. ಸಿಎಸ್‌ವಿಯ ತಿಂಗಳುಗಳಿಗೂ ಹಳೆಯ ಕಂಪ್ಯೂಟರಿನ ಮೂಲ ಡೇಟಾಬೇಸೇ ಉಳಿದಿರುವ ದಾರಿ.

ಬಿಚ್ಚಿದ ಮೇಲೆ

ಬಿಚ್ಚಿದ 23040 ಬೈಟ್‌ಗಳೂ ಬೈನರಿಯೇ; ಪ್ರಿಂಟ್ ಮಾಡಿದರೆ ಅರ್ಥವಿಲ್ಲದ್ದು ಬರುತ್ತದೆ. ಇಲ್ಲಿ ಬಹಳ ಮಂದಿ ‘ಡೀಕಂಪ್ರೆಸ್ ಸರಿಯಾಗಲಿಲ್ಲ’ ಎಂದುಕೊಂಡು ಹಿಂದಕ್ಕೆ ಹೋಗಿ ಸರಿಯಿದ್ದ ಕೋಡನ್ನು ಕೆಡಿಸುತ್ತಾರೆ. ಒಂದು ಸಾಲಿಗೆ 8 ಬೈಟ್‌ನಂತೆ ಅಂಕಿಗಳಾಗಿ ಪ್ರಿಂಟ್ ಮಾಡಿ, ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿ. ಯಾವುದೋ ಒಂದು ಕಾಲಮ್ 30, 30ರಂತೆ ಏರುತ್ತ 256 ದಾಟಿದಾಗ ಸುತ್ತಿ ಬರುತ್ತಿದ್ದರೆ ಅದು ಸಮಯದ ಕೊನೆಯ ಬೈಟ್. ನಾಲ್ಕನೆಯ ಕಾಲಮ್ ಆಗಿದ್ದರೆ ದೊಡ್ಡ ಬೈಟ್ ಮೊದಲು. ಮೊದಲನೆಯದಾಗಿದ್ದರೆ ಸಣ್ಣದು ಮೊದಲು. ಕ್ಯೂಟಿಯ ಡೇಟಾ ಸ್ಟ್ರೀಮ್ ಏನೂ ಹೇಳದಿದ್ದರೆ ದೊಡ್ಡದನ್ನೇ ಮೊದಲು ಬರೆಯುತ್ತದೆ, ಹಾಗಾಗಿ ಅದನ್ನೇ ಮೊದಲು ನಿರೀಕ್ಷಿಸಿ. ಯುನಿಕ್ಸ್ ಸಮಯವಾಗಿದ್ದರೆ (1970ರಿಂದ ಎಣಿಸಿದ ಸೆಕೆಂಡ್) 2015ರಿಂದ 2024ರವರೆಗಿನ ದಾಖಲೆಗಳಲ್ಲಿ ದೊಡ್ಡ ಬೈಟ್ 84ರಿಂದ 103ರೊಳಗೆ ಇರಬೇಕು. ದಿನದ ಮೊದಲ ರೀಡಿಂಗ್‌ನ ಸಮಯವನ್ನು 86400ರಿಂದ ಭಾಗಿಸಿದಾಗ ಶೇಷ 66600 ಬಂದರೆ ಅದು ನಮ್ಮ ನಡುರಾತ್ರಿ. ಶೇಷ 0 ಬಂದರೆ ಎರಡು ಸಾಧ್ಯತೆ: ದಿನವನ್ನು ಗ್ರೀನಿಚ್ ಲೆಕ್ಕದಲ್ಲಿ ಬೆಳಗಿನ 5.30ಕ್ಕೆ ಶುರುಮಾಡಿದ್ದಾರೆ, ಇಲ್ಲವೇ ನಮ್ಮ ಸಮಯವನ್ನೇ ಗ್ರೀನಿಚ್ ಎಂದು ಬರೆದಿದ್ದಾರೆ. ಗೊತ್ತಿರುವ ಒಂದು ಘಟನೆಯ ಜೊತೆ, ಲೋಡಿಂಗ್‌ಗೆ ಬಾಗಿಲು ತೆರೆದಿಟ್ಟ ಹೊತ್ತಿನಂಥದ್ದರ ಜೊತೆ, ತಾಳೆ ಹಾಕಿ ನಿರ್ಧರಿಸಿ.

ತಾಪಮಾನ ಎರಡು ಬೈಟ್‌ನಲ್ಲಿದ್ದು, ಡಿಗ್ರಿಯ ನೂರರ ಪಾಲಿನಲ್ಲಿದ್ದರೆ ಮೈನಸ್ 18.5 ಡಿಗ್ರಿ 248, 198 ಎಂದು ಕಾಣುತ್ತದೆ. ಮೈನಸ್ ಚಿಹ್ನೆ ಇಲ್ಲದ ಸಂಖ್ಯೆ ಎಂದು ಓದಿದರೆ 636.86 ಡಿಗ್ರಿ ಬರುತ್ತದೆ, ತಪ್ಪು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಬೈಟ್ ಕ್ರಮ ತಪ್ಪಿದರೆ ಮೈನಸ್ 146. ಇದರಲ್ಲಿ ಮೋಸ ಜಾಸ್ತಿ, ಗ್ರಾಫ್ ಮಾಡಿದಾಗ ‘ತಣ್ಣಗೇ ಇದೆ’ ಎನಿಸಿಬಿಡುತ್ತದೆ. ಇನ್ನು ಸಮಯವೇ ಇಲ್ಲದೆ 8 ಬೈಟೂ ಸೇರಿ ಒಂದು ಡಬಲ್ (8 ಬೈಟ್‌ನ ದಶಮಾಂಶ) ಸಂಖ್ಯೆಯಾಗಿರಲೂಬಹುದು. ಆಗ ಮೈನಸ್ 18.5 ಎಂಬುದು 192, 50, 128, ಆಮೇಲೆ ಐದು ಸೊನ್ನೆ. ಪ್ರತಿ ರೀಡಿಂಗ್ 192ರಿಂದ ಶುರುವಾಗುತ್ತಿದ್ದರೆ ಅದೇ.

ಒಂದು ಅಡ್ಡಮಾತು: ಕಂಪ್ರೆಸ್ ಆದ ಉದ್ದವೂ ಸುಳಿವು ಕೊಡುತ್ತದೆ. ಒಂದು ದಿನದ ಸಾಲು ಉಳಿದವುಗಳಿಗಿಂತ ತೀರಾ ಚಿಕ್ಕದಿದ್ದರೆ, ಒಂದೇ ಬೆಲೆ ದಿನವಿಡೀ ಬಂದಿರಬಹುದು. ಸೆನ್ಸರ್ ವಯರ್ ಕಿತ್ತಿದ್ದರೆ ಹಾಗಾಗುತ್ತದೆ. ಜೂನ್, ಜುಲೈನ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಕೋಣೆಯನ್ನು ಬಂದ್ ಮಾಡಿಟ್ಟಿದ್ದರೂ ಆಗಬಹುದು. ಅದನ್ನು ದಾಖಲೆ ಕೆಟ್ಟಿದೆ ಎಂದು ಎಣಿಸಬೇಡಿ.

ವರದಿಯ ಪ್ರೋಗ್ರಾಂ ಬೇರೆ ಭಾಷೆಯಲ್ಲಿ ಬರೆಯುವುದಾದರೆ ಹೆಸರುಗಳ ಬಗ್ಗೆ ಎಚ್ಚರ. ಪಿಎಚ್‌ಪಿಯಲ್ಲಿ ಜಿಜೆಡ್ ಅನ್‌ಕಂಪ್ರೆಸ್ ಎಂಬುದು ಹೆಸರಿಗೆ ವಿರುದ್ಧವಾಗಿ ಜೆಡ್‌ಲಿಬ್ ತೆರೆಯುತ್ತದೆ, ಜಿಜೆಡ್ ಇನ್‌ಫ್ಲೇಟ್ ಬರೀ ಡಿಫ್ಲೇಟ್, ಜಿಜಿಪ್‌ಗೆ ಜಿಜೆಡ್ ಡಿಕೋಡ್. ನಿಮಗೆ ಬೇಕಾದ್ದು ಮೊದಲನೆಯದು. ಸಿ ಶಾರ್ಪ್‌ನ ಡಿಫ್ಲೇಟ್ ಸ್ಟ್ರೀಮ್ ಕೂಡ ಬರೀ ಡಿಫ್ಲೇಟ್, ಚೆಕ್‌ಸಮ್ ನೋಡುವುದಿಲ್ಲ. ಡಾಟ್‌ನೆಟ್ 6ರಿಂದ ಜೆಡ್‌ಲಿಬ್ ಸ್ಟ್ರೀಮ್ ಬಂದಿದೆ, ಅದನ್ನು ಬಳಸಿ. ಅಲ್ಲಿ ರೀಡ್ ಕೇಳಿದ್ದಕ್ಕಿಂತ ಕಡಿಮೆ ಬೈಟ್ ಕೊಡಬಹುದು, ಸೊನ್ನೆ ಬರುವವರೆಗೆ ಲೂಪ್ ಹಾಕಬೇಕು. ಇಲ್ಲದಿದ್ದರೆ ನಿಮ್ಮ 4096ರ ಕಥೆಯೇ ಮತ್ತೆ. ಜಾವಾದ ಇನ್‌ಫ್ಲೇಟರ್‌ನಲ್ಲಿ ಇದರ ತಿರುಗು ಸಮಸ್ಯೆ: ಕತ್ತರಿಸಿಹೋದ ಸಾಲಿಗೆ ಅದು ಸೊನ್ನೆ ಕೊಡುತ್ತಲೇ ಇರುತ್ತದೆ. ‘ಮುಗಿಯಿತೇ’ ಎಂದು ಮಾತ್ರ ಕೇಳುವ ಲೂಪ್ ನಿಲ್ಲುವುದೇ ಇಲ್ಲ, ‘ಇನ್‌ಪುಟ್ ಬೇಕೇ’ ಎಂದೂ ಕೇಳಬೇಕು.

ಆಡಿಟ್‌ಗೆ ಕೊಡುವ ಪಟ್ಟಿಯಲ್ಲಿ ಪ್ರತಿ ದಿನದ ಮುಂದೆ ಒಂದು ಕಾಲಮ್ ಇಡಿ: ಚೆಕ್‌ಸಮ್ ತಾಳೆಯಾದದ್ದು, ಇಂಥ ಹೊತ್ತಿನವರೆಗೆ ಮಾತ್ರ ಸಿಕ್ಕದ್ದು, ಸಿಗದೇ ಹೋದದ್ದು. ಸಿಗದ ಹೊತ್ತುಗಳನ್ನು ಹಿಂದಿನ ಮುಂದಿನ ಬೆಲೆ ನೋಡಿ ತುಂಬಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೂಲ ಬ್ಲಾಬ್‌ಗಳನ್ನು ಅಳಿಸದೆ, ಬಿಚ್ಚಿದ ಪ್ರತಿಯ ಜೊತೆಗೇ ಇಡಿ. ಲೆಕ್ಕಪರಿಶೋಧಕರು ಕೇಳಿದರೆ ಅವರ ಎದುರಿಗೇ ಮತ್ತೊಮ್ಮೆ ಬಿಚ್ಚಿ ತೋರಿಸಬಹುದು.